ರೋಸ್ ಈರುಳ್ಳಿನ ಬ್ಯಾನ್ ಪಟ್ಟಿಯಿಂದ ಶಾಶ್ವತವಾಗಿ ಹೊರಗಿಡಿ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ಸರ್, ನಾನು ಚಿಂತಾಮಣಿ, ಚಿಕ್ಕಬಳ್ಳಾಪುರ ಸುತ್ತಮುತ್ತಲ ಹಳ್ಳಿಗಳಲ್ಲಿ ಬೆಳೆಯೋ ರೋಸ್ ಈರುಳ್ಳಿ, ಅಂದ್ರೆ ಚಿಕ್ಕ ಕಡುಗೆಂಪು ಈರುಳ್ಳಿ ತಗೊಂಡು ಚೆನ್ನೈ ಪೋರ್ಟ್ ಮೂಲಕ ಮಲೇಷ್ಯಾ, ಸಿಂಗಾಪುರಕ್ಕೆ ಕಳಿಸೋ ಸಣ್ಣ ಎಕ್ಸ್‌ಪೋರ್ಟರ್. ಈಗ ಎಕ್ಸ್‌ಪೋರ್ಟ್‌ಗೆ ಏನೂ ತಡೆ ಇಲ್ವಲ್ಲಪ್ಪ, ಇದ್ದ 20 ಪರ್ಸೆಂಟ್ ಸುಂಕನೂ 2025ರ ಏಪ್ರಿಲ್ 1ಕ್ಕೆ ತೆಗೆದ್ರಲ್ಲ, ಮತ್ಯಾಕೆ ಕಾಗದ ಅಂತ ತಾವು ಕೇಳ್ಬಹುದು. ತಡೆ ಇಲ್ಲ ಅಂತಲೇ ಈಗ ಬರೀತಿದ್ದೀನಿ. ರೇಟ್ ಏರಿ, ಟಿವಿಯವರು ಬೆಳಗಿಂದ ಸಂಜೆವರೆಗೂ ಈರುಳ್ಳಿ ತೋರ್ಸೋಕೆ ಶುರು ಮಾಡಿದ್ಮೇಲೆ ನಮ್ಮಂಥವರ ಮಾತು ಡೆಲ್ಲಿಯಲ್ಲಿ ಯಾರ ಕಿವಿಗೂ ಬೀಳಲ್ಲ.

ನಾನು ಕೇಳೋದು ಒಂದೇ. ಈರುಳ್ಳಿ ರೇಟ್ ಏರಿದಾಗ ಸರ್ಕಾರ ಹಾಕೋ ಎಕ್ಸ್‌ಪೋರ್ಟ್ ಬ್ಯಾನು, ಸುಂಕದ ಆರ್ಡರ್ ಇದಾವಲ್ಲ, ಬೆಂಗಳೂರು ರೋಸ್ ಈರುಳ್ಳಿನ ಆ ಆರ್ಡರ್‌ಗಳಿಂದ ಪರ್ಮನೆಂಟಾಗಿ ಹೊರಗಿಡಿ. ಪ್ರತಿ ಸಲ ಹಾಕಿ, ನಾವು ಕೂಗಾಡಿ, ಆಮೇಲೆ ತೆಗೆಯೋದಲ್ಲ. ಒಂದು ಸಲ ಬರೆದು ಮುಗಿಸಿ.

ಮೊನ್ನೆ ಮಲೇಷ್ಯಾದ ನಮ್ಮ ಹಳೇ ಪಾರ್ಟಿ ಫೋನ್ ಮಾಡಿದ್ರು. ತಮಿಳರು, ನಮ್ಮಪ್ಪನ ಕಾಲದಿಂದ ನಮ್ಮ ಹತ್ರನೇ ಮಾಲು ತಗೊಳ್ತಿದ್ದೋರು. ಈ ಸಲ ವರ್ಷದ ಕಾಂಟ್ರಾಕ್ಟ್ ಬೇಡ, ನಿಮ್ಮ ಮಾಲಿನ ಮೇಲೆ ಕಂಪ್ಲೇಂಟ್ ಇಲ್ಲ, ನಿಮ್ಮ ಸರ್ಕಾರ ಯಾವತ್ತು ಬಾಗಿಲು ಹಾಕುತ್ತೋ ಅನ್ನೋದೇ ಭಯ, ನಾನೂ ಇಲ್ಲಿ ಅಂಗಡಿಯವರಿಗೆ ಮಾತು ಕೊಟ್ಟಿರ್ತೀನಿ ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಆವತ್ತು ರಾತ್ರಿಯೇ ಇದನ್ನ ಬರೀಬೇಕು ಅಂತ ತೀರ್ಮಾನ ಮಾಡ್ದೆ.

ಸರ್, ನಿಯಮ ತಮಗೆ ನನಗಿಂತ ಚೆನ್ನಾಗಿ ಗೊತ್ತು, ಆದ್ರೂ ದಿನಾಂಕ ಒಂದ್ಸಲ ನೋಡಿ. 2019ರ ಸೆಪ್ಟೆಂಬರ್ 29, ಭಾನುವಾರ, ಎಲ್ಲಾ ಈರುಳ್ಳಿ ಎಕ್ಸ್‌ಪೋರ್ಟ್ ಬಂದ್. ಒಂದು ತಿಂಗಳು ಆದ್ಮೇಲೆ ನಮ್ಮ ರೋಸ್‌ಗೆ ಮಾತ್ರ 9,000 ಟನ್ ಬಿಟ್ರು, ಅದೂ ನವೆಂಬರ್ ಕೊನೆ ಒಳಗೆ ಕಳಿಸ್ಬೇಕು. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ಬಂದ್, ಅಕ್ಟೋಬರ್ 9ಕ್ಕೆ 10,000 ಟನ್ ಬಿಟ್ರು, ಚೆನ್ನೈ ಪೋರ್ಟಿಂದ ಮಾತ್ರ. 2023ರ ಆಗಸ್ಟ್ 19ಕ್ಕೆ 40 ಪರ್ಸೆಂಟ್ ಸುಂಕ, ನಮ್ಮದಕ್ಕೆ ವಿನಾಯಿತಿ ಬಂದಿದ್ದು ಸೆಪ್ಟೆಂಬರ್ 29ಕ್ಕೆ. ಆ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಹಾಕಿದ್ದ ಬ್ಯಾನ್‌ನ 2024ರ ಮೇ 4ಕ್ಕೆ ತೆಗೆದ್ರು, ಅದರ ಜೊತೆಗೇ 40 ಪರ್ಸೆಂಟ್ ಸುಂಕ ಬಂತು, ಆ ತಿಂಗಳ ಕೊನೆಗೆ ಮತ್ತೆ ನಮ್ಮ ರೋಸ್‌ಗೆ ವಿನಾಯಿತಿ.

ಅಂದ್ರೆ ರೋಸ್ ಈರುಳ್ಳಿ ಬೇರೆ, ಅದನ್ನ ತಡೆದ್ರೆ ಯಾರಿಗೂ ಲಾಭ ಇಲ್ಲ ಅಂತ ಸರ್ಕಾರವೇ ಪ್ರತಿ ಸಲ ಒಪ್ಕೊಂಡಿದೆ, ಆದ್ರೆ ಒಪ್ಕೊಳ್ಳೋದು ನಮ್ಮ ಮಾಲು ಕೊಳೆತ್ಮೇಲೆ. ಮೊದಲನೇ ದಿನವೇ ಆರ್ಡರಲ್ಲಿ ಒಂದು ಸಾಲು ಸೇರ್ಸೋಕೆ ಏನು ಕಷ್ಟ ಸರ್? ಒಂದು ಸಾಲು!

ಡೆಲ್ಲೀಲಿ ಕೂತಿರೋ ಆಫೀಸರ್‌ಗಳು ಈ ಈರುಳ್ಳಿ ನೋಡಿದ್ದಾರೋ ಇಲ್ವೋ ಗೊತ್ತಿಲ್ಲ. ಚಿಕ್ಕದು, ಚಪ್ಪಟೆ, ಕಡುಗೆಂಪು, ಖಾರ ಜಾಸ್ತಿ. 2015ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದ್ರೆ ಇದು ಈ ಸೀಮೆಯದೇ ಬೆಳೆ ಅನ್ನೋ ಗುರುತು ಸಿಕ್ಕಿದೆ, ಕೊಟ್ಟಿದ್ದೂ ಕೇಂದ್ರ ಸರ್ಕಾರದವರೇ. ಬೆಳೆಯೋ ನಮ್ಮ ಊರುಗಳಲ್ಲೇ ಇದನ್ನ ಮನೆ ಅಡುಗೆಗೆ ತಗೊಳ್ಳೋರು ಕಮ್ಮಿ, ಸಾರಿಗೆ ಪಲ್ಯಕ್ಕೆ ಎಲ್ಲಾ ದಪ್ಪ ಈರುಳ್ಳಿನೇ. ಇದನ್ನ ನಾಟಿ ಮಾಡೋದೇ ಎಕ್ಸ್‌ಪೋರ್ಟ್ ನಂಬ್ಕೊಂಡು. ಇದನ್ನ ತಡೆದಿಟ್ರೆ ಡೆಲ್ಲಿ, ಲಕ್ನೋ ಮಾರ್ಕೆಟ್‌ನಲ್ಲಿ ಕೆಜಿಗೆ ಒಂದು ರೂಪಾಯಿನೂ ಇಳಿಯಲ್ಲ, ಯಾಕಂದ್ರೆ ಅಲ್ಲಿ ಇದನ್ನ ಕೇಳೋರೇ ಇಲ್ಲ. ಗ್ರಾಹಕರ ಕಷ್ಟ ನನಗೂ ಅರ್ಥ ಆಗುತ್ತೆ, ಈರುಳ್ಳಿ ನೂರು ದಾಟಿದಾಗ ನಮ್ಮ ಮನೇಲೂ ಲೆಕ್ಕ ಹಾಕಿ ತಂದಿದ್ದೀವಿ. ನಾಸಿಕ್ ಈರುಳ್ಳಿ ತಡೆಯೋದು ಸರಿನಾ ತಪ್ಪಾ ಅಂತ ಅಲ್ಲಿಯವರು ಹೇಳ್ಲಿ, ಅದು ಬೇರೆ ಮಾತು. ನಮ್ಮದನ್ನ ಅದರ ಜೊತೆ ಕಟ್ಟಾಕ್ಬೇಡಿ.

2020ರ ಆ ಸೆಪ್ಟೆಂಬರ್ ಒಂದು ಹೇಳ್ಲೇಬೇಕು, ಹೇಳ್ದೆ ಇದ್ರೆ ಈ ಕಾಗದ ಬರೆದೂ ಪ್ರಯೋಜನ ಇಲ್ಲ. ಕೋವಿಡ್ ಟೈಮು, ಹಮಾಲಿ ಸಿಕ್ತಿರ್ಲಿಲ್ಲ, ಮನೆಯವರೆಲ್ಲ ಮಾಸ್ಕ್ ಹಾಕ್ಕೊಂಡು ಶೆಡ್ಡಲ್ಲಿ ಕೂತು ಗ್ರೇಡ್ ಮಾಡಿ ನೆಟ್ ಚೀಲಕ್ಕೆ ತುಂಬಿ ಎರಡು ಕಂಟೇನರ್ ಲೋಡ್ ಮಾಡಿದ್ವಿ, ಮಾಲಲ್ಲಿ ರೋಗ, ಹುಳ ಇಲ್ಲ ಅನ್ನೋ ಫೈಟೋ ಸರ್ಟಿಫಿಕೇಟ್‌ಗೆ ಏರ್ಪಾಡಾಗಿತ್ತು, ಹಡಗಲ್ಲಿ ಬುಕಿಂಗ್ ಆಗಿತ್ತು, ಪಾರ್ಟಿ ಕಡೆಯಿಂದ ಅಡ್ವಾನ್ಸ್ ಬಂದಿತ್ತು. ಲಾರಿ ಚೆನ್ನೈ ಮುಟ್ಟೋ ಹೊತ್ತಿಗೆ ಆರ್ಡರ್ ಬಂತು, ಆ ಕ್ಷಣದಿಂದಲೇ ಜಾರಿ. ಸಿಎಚ್‌ಎ, ಅಂದ್ರೆ ಪೋರ್ಟಲ್ಲಿ ನಮ್ಮ ಕಸ್ಟಮ್ಸ್ ಕೆಲಸ ನೋಡೋ ಏಜೆಂಟ್ ಫೋನ್ ಮಾಡಿ, ಅಣ್ಣಾ, ಪೋರ್ಟ್ ಒಳಗೆ ಬಿಡ್ತಿಲ್ಲ ಅಂದ. ಇವತ್ತು ಬಿಡ್ತಾರೆ, ನಾಳೆ ಬಿಡ್ತಾರೆ ಅಂತ ಯಾರ್ಯಾರೋ ಹೇಳಿದ್ದನ್ನ ನಂಬಿ ಕಾಯ್ತಾ ಕೂತ್ವಿ, ಕಂಟೇನರ್ ತಡೆದಿಟ್ಟಿದ್ದಕ್ಕೆ ಕಟ್ಟೋ ಡಿಟೆನ್ಷನ್ ಚಾರ್ಜು ದಿನಾ ಏರ್ತಾ ಹೋಯ್ತು. ಕೊನೆಗೆ ಬಾಗಿಲು ತೆಗೆಸಿದಾಗ ಮುಂದಿನ ಸಾಲಿನ ಚೀಲದಲ್ಲೆಲ್ಲ ಮೊಳಕೆ ಬಂದಿತ್ತು, ಕೆಳಗಡೆ ಚೀಲ ಕೈಯಲ್ಲಿ ಹಿಡಿದ್ರೆ ಪಿಚಕ್ ಅಂತ ಒಳಗೆ ಹೋಗ್ತಿತ್ತು, ಕಪ್ಪು ನೀರು ನೆಲದ ಮೇಲೆ ಹರೀತಿತ್ತು. ಆ ವಾಸನೆಗೆ ಹಮಾಲಿಗಳೇ ಹತ್ರ ಬರ್ಲಿಲ್ಲ. ಅದನ್ನ ಅಲ್ಲಿಂದ ಸಾಗಿಸಿ ಬಿಸಾಕೋಕೂ ನಾನೇ ದುಡ್ಡು ಕೊಟ್ಟೆ.

ರೋಸ್‌ಗೆ ಅವಕಾಶ ಅಂತ ಅಕ್ಟೋಬರ್‌ನಲ್ಲಿ ಆರ್ಡರ್ ಬಂದಾಗ ನನ್ನ ಹತ್ರ ಕಳಿಸೋಕೆ ಮಾಲೂ ಇರ್ಲಿಲ್ಲ, ತಗೊಳ್ಳೋಕೆ ದುಡ್ಡೂ ಇರ್ಲಿಲ್ಲ. ಹೆಂಡತಿ ಬಳೆ, ಸರ ಬ್ಯಾಂಕಲ್ಲಿಟ್ಟು ರೈತರ ಬಾಕಿ ತೀರಿಸ್ದೆ. ಶಿಡ್ಲಘಟ್ಟ ಕಡೆಯ ಒಬ್ಬ ಯಮ್ಮ ದುಡ್ಡಿಗೆ ಬಂದು ಬಾಗಿಲಲ್ಲೇ ನಿಂತ್ಕೊಂಡು, ನೀವೂ ಮುಳುಗಿದ್ದೀರಾ ಅಂತ ಗೊತ್ತು ಅಣ್ಣಾ, ಆದ್ರೆ ನಾನೂ ಬಡ್ಡಿಗೆ ತಂದು ಗೊಬ್ಬರ ಹಾಕಿದ್ದೆ ಅಂದ್ರು. ಅವರಿಗೆ ನಾನು ಏನು ಹೇಳ್ಬೇಕಿತ್ತು? ನೀವೇ ಹೇಳಿ.

ಇನ್ನೊಂದು ವಿಷಯ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ವಿದೇಶ ವ್ಯಾಪಾರ ನೀತಿಯಲ್ಲಿ 1.05 ಅಂತ ಒಂದು ಪ್ಯಾರಾ ಇದೆ, ತಡೆ ಬರೋ ಮುಂಚೆನೇ ಎಲ್‌ಸಿ, ಅಂದ್ರೆ ದುಡ್ಡಿಗೆ ಬ್ಯಾಂಕ್ ಗ್ಯಾರಂಟಿ ಪತ್ರ ಆಗಿರೋ ವ್ಯವಹಾರಕ್ಕೆ ರಕ್ಷಣೆ ಕೊಡೋಕೆ ಇರೋದು. 2020ರ ಆರ್ಡರಲ್ಲಿ ಆ ಪ್ಯಾರಾ ಇದಕ್ಕೆ ಅನ್ವಯಿಸಲ್ಲ ಅಂತ ಬರೆದೇ ಬಿಟ್ಟಿದ್ರು. ಮಳೆ ಬರೋ ದಿನವೇ ಕೊಡೆ ಕಿತ್ಕೊಂಡ ಹಾಗೆ. ರಕ್ಷಣೆ ಅಂತ ಇರೋದೇ ಇಂಥ ದಿನಕ್ಕಲ್ವಾ? ನಾವೇನು ಕಳ್ಳಮಾಲು ಸಾಗಿಸ್ತಿದ್ವಾ? ಲೈಸೆನ್ಸ್ ಇಟ್ಕೊಂಡು, ಜಿಎಸ್‌ಟಿ ಫೈಲ್ ಮಾಡ್ಕೊಂಡು, ದೇಶಕ್ಕೆ ಡಾಲರ್ ತರೋರು ನಾವು.

ಸುಂಕದಿಂದ ವಿನಾಯಿತಿ ಕೊಟ್ಟಾಗಲೂ ಸುಮ್ನೆ ಕೊಡಲ್ಲ, ಇದು ರೋಸ್ ಈರುಳ್ಳಿನೇ, ಇಷ್ಟು ಟನ್ನೇ ಅಂತ ರಾಜ್ಯದ ತೋಟಗಾರಿಕೆ ಕಮಿಷನರ್ ಸರ್ಟಿಫಿಕೇಟ್ ಬೇಕು. ದೊಡ್ಡ ಕಂಪನಿಯವರಿಗೆ ಅದಕ್ಕೇ ಅಂತ ಜನ ಇರ್ತಾರೆ. ನಮ್ಮಂಥವರು ಮಂಡಿ ಬಿಟ್ಟು ಬೆಂಗಳೂರಿಗೆ ಓಡಾಡ್ಬೇಕು, ಅಷ್ಟರಲ್ಲಿ ಹಡಗು ಹೋಗಿರುತ್ತೆ. ನೋಡಿದ ತಕ್ಷಣ ಗೊತ್ತಾಗೋ ಈರುಳ್ಳಿ ಇದು, ಚಿಕ್ಕಬಳ್ಳಾಪುರದಲ್ಲೇ ತೋಟಗಾರಿಕೆ ಇಲಾಖೆಯವರು ನೋಡಿ ಸೈನ್ ಹಾಕೋ ಹಾಗೆ ಮಾಡಿಸಿ.

ನೀತಿ ಬದಲಾಯಿಸೋ ಮುಂಚೆ ವ್ಯಾಪಾರಿಗಳ ಅಭಿಪ್ರಾಯ ಕೇಳ್ತೀವಿ ಅಂತ 2025ರ ಜನವರಿಯಲ್ಲಿ ಡಿಜಿಎಫ್‌ಟಿಯವರು, ಅಂದ್ರೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದವರು ವಿದೇಶ ವ್ಯಾಪಾರ ನೀತಿಯಲ್ಲೇ ಸೇರಿಸಿದ್ದಾರೆ. ಓದಿ ಖುಷಿಯಾಯ್ತು. ಆದ್ರೆ ವಿಶೇಷ ಸಂದರ್ಭದಲ್ಲಿ ಕೇಳ್ದೇನೂ ಆರ್ಡರ್ ಮಾಡ್ಬಹುದು ಅಂತ ಅದ್ರಲ್ಲೇ ಇದೆ, ಈರುಳ್ಳಿ ರೇಟ್ ಏರೋದು ಯಾವಾಗಲೂ ವಿಶೇಷ ಸಂದರ್ಭವೇ ಆಗಿಬಿಡುತ್ತೆ. ಅದಕ್ಕೇ ಬಾಯಿ ಮಾತು ಸಾಕಾಗಲ್ಲ ಅಂತ ಹೇಳ್ತಿರೋದು. ರೋಸ್ ಈರುಳ್ಳಿಗೆ ಬ್ಯಾನ್ ಇಲ್ಲ, ಇಷ್ಟಕ್ಕಿಂತ ಕಮ್ಮಿಗೆ ಕಳಿಸ್ಬಾರ್ದು ಅನ್ನೋ ಕನಿಷ್ಠ ಎಕ್ಸ್‌ಪೋರ್ಟ್ ಬೆಲೆ ಇಲ್ಲ, ಎಕ್ಸ್‌ಪೋರ್ಟ್ ಸುಂಕ ಇಲ್ಲ ಅಂತ ಪರ್ಮನೆಂಟ್ ಆರ್ಡರ್ ಬೇಕು. ಯಾವತ್ತೋ ತಡೆಯಲೇಬೇಕಾಗಿ ಬಂದ್ರೂ ಲೋಡ್ ಆಗಿ ಹೊರಟಿರೋ ಮಾಲನ್ನ, ಅಡ್ವಾನ್ಸ್ ಆಗಿರೋ ಮಾಲನ್ನ ಬಿಡ್ಬೇಕು.

ಸರ್, ಎಲೆಕ್ಷನ್ ಟೈಮಲ್ಲಿ ಎಲ್ಲಾ ಪಕ್ಷದವರೂ ನಮ್ಮ ಮಂಡಿಗೆ ಬಂದು ಹೋಗ್ತಾರೆ, ಈರುಳ್ಳಿ ರಾಶಿ ಮುಂದೆ ಫೋಟೋ ತೆಗೆಸ್ಕೊಳ್ತಾರೆ. ತಾವು ಫೋಟೋಗೆ ಬರೋದು ಬೇಡ. ಮುಂದಿನ ಅಧಿವೇಶನದಲ್ಲಿ ವಾಣಿಜ್ಯ ಸಚಿವರಿಗೆ ಒಂದು ಪ್ರಶ್ನೆ ಹಾಕಿ, ರೋಸ್ ಈರುಳ್ಳಿನ ಪರ್ಮನೆಂಟಾಗಿ ಹೊರಗಿಡ್ತೀರಾ ಇಲ್ವಾ ಅಂತ. ಹೌದು ಇಲ್ಲ ಅಂತ ಲಿಖಿತ ಉತ್ತರ ತರಿಸ್ಕೊಡಿ. ಇಲ್ಲ ಅಂದ್ರೆ ಅದನ್ನೂ ಹೇಳ್ಲಿ, ಮುಂದಿನ ನಾಟಿಗೆ ಮುಂಚೆ ಹೇಳ್ಲಿ, ಬೀಜಕ್ಕೆ ದುಡ್ಡು ಹಾಕೋ ಮುಂಚೆ ನಮ್ಮ ರೈತರಿಗೆ ಗೊತ್ತಾಗ್ಲಿ.

ಇಂತಿ,
ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ಈರುಳ್ಳಿ ರಫ್ತುದಾರ