ಹಾಜರಿ ಪುಸ್ತಕದ ಆ ಐದು ದಿನಗಳು: ಮಗಳಿಗೊಂದು ಪತ್ರ

ಸುಂಟಿಕೊಪ್ಪ

ಪ್ರೀತಿಯ ಮಗಳೇ,

ನಮ್ಮ ಕೊಡಗಿನ ಕಕ್ಕಡ ಹದಿನೆಂಟರ ಹಬ್ಬದಂದು ನೀನು ಅರ್ಧಕ್ಕೇ ಬಿಟ್ಟು ಎದ್ದ ಮದ್ದುಸೊಪ್ಪಿನ ಪಾಯಸದ ಬಟ್ಟಲನ್ನು ಸಂಜೆಯವರೆಗೂ ತೊಳೆಯಲು ನನಗೆ ಮನಸ್ಸು ಬರಲಿಲ್ಲ. ಕುಶಾಲನಗರದ ಬಸ್ ನಿಲ್ದಾಣದಲ್ಲಿ ನಾನು ಆಡಿದ ಮಾತು, ನೀನು ಕೊಟ್ಟ ಉತ್ತರ ಎರಡೂ ನಮ್ಮಿಬ್ಬರಿಗೂ ನೆನಪಿರುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾಲ್ಕು ಜನರ ಎದುರು ನಿನ್ನನ್ನು ಗದರಿದ್ದು ನನ್ನ ತಪ್ಪು, ಅದಕ್ಕೆ ಕ್ಷಮೆ ಕೇಳುತ್ತೇನೆ. ಆದರೆ ಅಷ್ಟು ಸಿಟ್ಟು ಎಲ್ಲಿಂದ ಬಂತೆಂಬುದನ್ನು ನಾನು ಹೇಳದಿದ್ದರೆ ನಿನಗೆ ತಿಳಿಯುವ ದಾರಿಯಿಲ್ಲ.

ನೀನು ಎಲೆಯ ಮುಂದೆ ಕುಳಿತಿದ್ದಾಗ ನಿನ್ನ ಸಂಸ್ಥೆಯಲ್ಲಿ ಕೆಲಸ ಮಾಡುವ ಕರಡಿಗೋಡಿನ ಆ ಹುಡುಗ ಫೋನ್ ಮಾಡಿದ. ಹೊಳೆ ನೀರು ಅಂಗಳಕ್ಕೆ ಬಂದಿದೆ, ಅಮ್ಮನನ್ನು ಪರಿಹಾರ ಕೇಂದ್ರಕ್ಕೆ ಸೇರಿಸಬೇಕು, ಎರಡು ದಿನ ರಜೆ ಬೇಕು ಎಂದು ಅವನು ಕೇಳುತ್ತಿದ್ದುದು ಒಲೆಯ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು. ಮಂಗಳವಾರ ದಾನಿಗಳು ತೋಟದ ಕಾರ್ಮಿಕರ ಲೈನ್‌ಮನೆಯ ಕಲಿಕಾ ಕೇಂದ್ರ ನೋಡಲು ಬರುತ್ತಾರೆಂದು ನೀನು ನೆನಪಿಸಿದೆ. ಆಮೇಲೆ, "ಇದು ಬರೀ ನೌಕರಿಯಲ್ಲ, ಸೇವೆ" ಎಂದೆ. ಆ ಮಾತನ್ನು ಇದೇ ಪದಗಳಲ್ಲಿ, ಹೆಚ್ಚುಕಡಿಮೆ ಇದೇ ದನಿಯಲ್ಲಿ ನಾನು ಮೊದಲೊಮ್ಮೆ ಕೇಳಿದ್ದೇನೆ.

2018ರ ಆಗಸ್ಟ್ ನಿನಗೂ ನೆನಪಿದೆ. ಗುಡ್ಡಗಳು ಕುಸಿದದ್ದು, ಜೋಡುಪಾಲದಲ್ಲಿ ರಸ್ತೆ ಕಡಿದು ಹೋದದ್ದು, ನಮ್ಮ ಮನೆಯಲ್ಲಿ ಹನ್ನೊಂದು ಜನ ಮಲಗಿದ್ದು, ಯಾವುದನ್ನೂ ನಾನು ವಿವರಿಸಬೇಕಾಗಿಲ್ಲ. ನಿನಗೆ ಗೊತ್ತಿಲ್ಲದ್ದು ನಮ್ಮ ಕಚೇರಿಯ ಒಂದು ಸಂಗತಿ ಮಾತ್ರ. ಆಗ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ ಲೈನ್‌ಮನೆಯ ಮಕ್ಕಳಿಗೆ ಸಂಜೆಪಾಠ ನಡೆಸುತ್ತಿತ್ತು, ಮಳೆ ಬಂದ ಮೇಲೆ ನಾವೆಲ್ಲ ಪರಿಹಾರದ ಕೆಲಸಕ್ಕೆ ಇಳಿದೆವು. ಸಂಯೋಜಕಿಯಾಗಿದ್ದ ನನ್ನ ಬಳಿ ಸಿಬ್ಬಂದಿಯ ಹಾಜರಿ ಪುಸ್ತಕವಿತ್ತು. ಮಕ್ಕಂದೂರು ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು 17ನೇ ತಾರೀಖಿನಿಂದ ಐದು ದಿನ ಬರಲಿಲ್ಲ, ಫೋನೂ ಸಿಗಲಿಲ್ಲ. ಆರನೆಯ ದಿನ ಬೆಳಿಗ್ಗೆ ಅವಳು ಯಾರದೋ ದೊಡ್ಡ ಅಳತೆಯ ಗಂಡಸರ ಚಪ್ಪಲಿ ಹಾಕಿಕೊಂಡು ಕಚೇರಿಯ ಮೆಟ್ಟಿಲೇರಿ ಬಂದಳು. ಅವರ ಮನೆಯ ಹಿಂದಿನ ಮಣ್ಣಿನ ಬರೆ, ಆ ಕಡಿದಾದ ದಿಬ್ಬ, ಜರಿದು ಅಡುಗೆಮನೆ, ಕೊಟ್ಟಿಗೆ ಎರಡೂ ಹೋಗಿದ್ದವು.

ತಿಂಗಳ ಕೊನೆಯಲ್ಲಿ ನಮ್ಮ ಮುಖ್ಯಸ್ಥರು ಸಂಬಳದ ಪಟ್ಟಿ ನೋಡುವಾಗ ಹಾಜರಿ ಪುಸ್ತಕದಲ್ಲಿ ಆ ಐದು ದಿನಗಳ ಖಾಲಿ ಮನೆಗಳ ಮೇಲೆ ಬೆರಳಿಟ್ಟರು. ನಾನು ಕಾರಣ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, "ಇದು ದಾನಿಗಳ ಹಣ, ಬಾರದ ದಿನಕ್ಕೆ ಕೊಡಲಾಗದು. ಇದು ಬರೀ ನೌಕರಿಯಲ್ಲ, ಸೇವೆ" ಎಂದರು. ನಾನು ಕೆಂಪು ಶಾಯಿಯ ಪೆನ್ನು ತೆಗೆದುಕೊಂಡು ಐದು ಮನೆಗಳಲ್ಲೂ 'ಗೈರು' ಎಂದು ಬರೆದೆ. ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗಿ ಶಾಯಿ ಹರಡಿತು, ಮೂರನೆಯ ಮನೆಯ ಅಕ್ಷರ ಓದಲಾರದಷ್ಟು ಕಲಸಿಹೋಯಿತೆಂದು ಅದನ್ನು ಪಕ್ಕದಲ್ಲಿ ಇನ್ನೊಮ್ಮೆ ಬರೆದೆ. ಒಮ್ಮೆಯಾದರೂ ಕೈ ತಡೆಯಬಹುದಿತ್ತು, ತಡೆಯಲಿಲ್ಲ.

ಅದೇ ವಾರ ದಾನಿಗಳಿಗೆ ಕಳಿಸಬೇಕಾಗಿದ್ದ ಫಲಾನುಭವಿಗಳ ಪಟ್ಟಿಯನ್ನು ಬರೆದವಳೂ ನಾನೇ. ಆ ಪಟ್ಟಿಯಲ್ಲಿ ಒಂದು ಕಂಬಳಿ, ಒಂದು ಪಾತ್ರೆಗಳ ಕಟ್ಟು ಪಡೆದವರ ನಡುವೆ ಅವಳ ಹೆಸರೂ ಇತ್ತು, ಏಕೆಂದರೆ ಆ ಐದು ದಿನ ಅವಳು ನಾವೇ ಸಾಮಾನು ಹಂಚುತ್ತಿದ್ದ ಒಂದು ಶಿಬಿರದಲ್ಲಿದ್ದಳು. ಒಂದೇ ಸಂಸ್ಥೆಯ ಎರಡು ಪುಸ್ತಕಗಳಲ್ಲಿ, ಒಂದೇ ಕೈಬರಹದಲ್ಲಿ, ಒಂದರಲ್ಲಿ ಅವಳು ಸಂತ್ರಸ್ತೆ, ಇನ್ನೊಂದರಲ್ಲಿ ಗೈರು. ಮರುದಿನ ಸಹಿ ಮಾಡಲು ಪುಸ್ತಕ ತೆರೆದವಳು ಆ ಕೆಂಪು ಸಾಲನ್ನು ಸ್ವಲ್ಪ ಹೊತ್ತು ನೋಡಿದಳು, ನನ್ನತ್ತ ನೋಡಲಿಲ್ಲ, ಸಹಿ ಹಾಕಿ ಶಿಬಿರಕ್ಕೆ ಹೊರಟಳು. ಅವಳು ಬೈದಿದ್ದರೆ ನನಗೆ ಇಷ್ಟು ವರ್ಷ ಇದು ಉಳಿಯುತ್ತಿರಲಿಲ್ಲವೇನೋ. ಕೆಲವು ತಿಂಗಳ ನಂತರ ಅವಳು ಕೆಲಸ ಬಿಟ್ಟಳು. ಐದು ವರ್ಷ ತುಂಬಿದ್ದರೆ 1972ರ ಕಾಯ್ದೆಯಂತೆ ಗ್ರಾಚ್ಯುಟಿ ಬರುತ್ತಿತ್ತು, ಅವಳಿಗೆ ಏಳು ತಿಂಗಳು ಕಡಿಮೆಯಿತ್ತು.

ನಮ್ಮ ಮುಖ್ಯಸ್ಥರು ಕೆಟ್ಟವರಾಗಿದ್ದರೆ ನನಗೆ ನಿನ್ನ ಬಗ್ಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವರು ಅಕ್ಕಿ ಮೂಟೆಯನ್ನು ತಾವೇ ಹೆಗಲ ಮೇಲೆ ಹೊತ್ತರು, ಕಚೇರಿಯ ನೆಲದ ಮೇಲೆ ಮಲಗಿದರು, ತಮ್ಮ ಸಂಬಳವನ್ನೂ ಎರಡು ತಿಂಗಳು ಬಿಟ್ಟುಕೊಟ್ಟರು. ತಾವು ಬಿಟ್ಟುಕೊಟ್ಟದ್ದನ್ನು ಎಲ್ಲರೂ ಬಿಟ್ಟುಕೊಡಬೇಕೆಂದು ಅವರು ಮನಸಾರೆ ನಂಬಿದ್ದರು. ಆದರೆ ಅವರಿಗೆ ಹಿಂತಿರುಗಲು ಒಂದು ಮನೆಯಿತ್ತು. ನೀನೂ ಅವರ ಹಾಗೆ ನಿನ್ನನ್ನು ನೀನು ಉಳಿಸಿಕೊಳ್ಳದೆ ದುಡಿಯುತ್ತೀಯ. ಕಂಪನಿಯ ಕೆಲಸ ಬಿಟ್ಟು ಅರ್ಧ ಸಂಬಳಕ್ಕೆ ಈ ಸಂಸ್ಥೆ ಸೇರಿದಾಗ ನಿನ್ನ ಅಪ್ಪ ವಾರವಿಡೀ ಮಾತಾಡದಿದ್ದರೂ, ಜೂನ್‌ನಲ್ಲಿ ನಿನ್ನನ್ನು ಮುಖ್ಯಸ್ಥೆ ಮಾಡಿದ ಸುದ್ದಿಯನ್ನು ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದವರೂ ಅವರೇ. ನನಗೂ ಹೆಮ್ಮೆಯಿದೆ, ಅಂದು ಅದನ್ನು ಸರಿಯಾಗಿ ಹೇಳಲಿಲ್ಲ.

ಹಣದ ಕಷ್ಟ ನನಗೆ ಅರ್ಥವಾಗದ್ದಲ್ಲ. ದಾನಿಗಳು ಮಕ್ಕಳ ಪುಸ್ತಕಕ್ಕೆ ಕೊಡುವಷ್ಟು ಸುಲಭವಾಗಿ ಕಲಿಸುವವರ ಸಂಬಳಕ್ಕೆ ಕೊಡುವುದಿಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತದ ಖರ್ಚಿನ ಮಿತಿಯನ್ನು ಆ ಕಾಯ್ದೆಯ 2020ರ ತಿದ್ದುಪಡಿ ಶೇ. 50ರಿಂದ ಶೇ. 20ಕ್ಕೆ ಇಳಿಸಿತೆಂದು ನೀನೇ ನನಗೆ ಲೆಕ್ಕ ಹಾಕಿ ತೋರಿಸಿದ್ದೀಯ. ಆ ಇಕ್ಕಟ್ಟನ್ನು ಟ್ರಸ್ಟಿಗಳ ಮುಂದೆ, ದಾನಿಗಳ ಮುಂದೆ ಇಟ್ಟು ವಾದಿಸು, ಮುಖ್ಯಸ್ಥೆಯಾದವಳು ಮಾಡಬೇಕಾದ ಕೆಲಸ ಅದು. ಅದನ್ನು ಬಿಟ್ಟು ಆ ಭಾರವನ್ನು ತಿಂಗಳಿಗೆ ಹನ್ನೆರಡು ಸಾವಿರ ಪಡೆಯುವ ಹುಡುಗನ ಮೇಲೆ ಸೇವೆಯ ಹೆಸರಿನಲ್ಲಿ ಹೊರಿಸಬೇಡ. ಸಂಬಳವನ್ನು ಗೌರವಧನವೆಂದು ಕರೆದರೆ ಗೌರವವೂ ಉಳಿಯುವುದಿಲ್ಲ, ಭವಿಷ್ಯನಿಧಿಯೂ ಸಿಗುವುದಿಲ್ಲ. ನಾನು ಮೂರು ತಿಂಗಳ ಪ್ರಯಾಣ ಭತ್ಯೆಯ ಬಿಲ್ ಬಾಕಿ ಇಟ್ಟುಕೊಂಡು ಸ್ವಂತ ದುಡ್ಡಿನಲ್ಲಿ ಮಾದಾಪುರಕ್ಕೆ ಬಸ್ಸು ಹತ್ತಿದ್ದೇನೆ, ನಿನ್ನ ಶಾಲೆಯ ಶುಲ್ಕ ಒಮ್ಮೆ ತಡವಾದದ್ದು ಅದರಿಂದಲೇ. ಇನ್ನೊಂದು ಮಾತು. ಹತ್ತು ಜನರಿಗಿಂತ ಹೆಚ್ಚಿರುವ ನಿನ್ನ ಕಚೇರಿಯಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿ ಹೆಸರಿಗೆ ಮಾತ್ರ ಇದೆಯೋ, ಹೊರಗಿನ ಸದಸ್ಯೆಯ ಫೋನ್ ನಂಬರ್ ಎಲ್ಲ ಹುಡುಗಿಯರ ಬಳಿ ಇದೆಯೋ ನೋಡು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆದು ಬರುವವರು ಅವರು, ಅಲ್ಲಿ ಆನೆಯೂ ಇರುತ್ತದೆ. ಪಾಠ ಹೇಳುವುದಿಲ್ಲವೆಂದುಕೊಂಡೇ ಕುಳಿತೆ, ಆದರೂ ಬರೆದುಬಿಟ್ಟೆ. ಇದರಲ್ಲಿ ಯಾವುದನ್ನೂ ಅಳಿಸುವುದಿಲ್ಲ.

ಈಗ ಹಾಜರಿ ಪುಸ್ತಕ ನಿನ್ನ ಮೇಜಿನ ಮೇಲಿದೆ. ಅದರಲ್ಲಿ ಬರೆಯುವ ಕೈ ಯಾರದೋ ಇರಬಹುದು, ನನ್ನಂಥ ಯಾವಳೋ ಸಂಯೋಜಕಿ ಅಲ್ಲಿಯೂ ಇರಬಹುದು. ನೀನು ಹೇಳಿದ್ದನ್ನು ಅವಳು ಎದುರಾಡದೆ ಬರೆಯುತ್ತಾಳೆ, ಅವಳಿಗೂ ಮನೆ ನಡೆಯಬೇಕು.

ಮಂಗಳವಾರ ದಾನಿಗಳು ಬಂದು ಹೋದರೆಂದು ನಿನ್ನ ಅಪ್ಪನಿಂದ ತಿಳಿಯಿತು. ಕರಡಿಗೋಡಿನ ಹುಡುಗನ ಆ ಎರಡು ದಿನಗಳನ್ನು ಪುಸ್ತಕದಲ್ಲಿ ಏನೆಂದು ಬರೆಸಿದೆ? ಬೇರೆ ಯಾವುದಕ್ಕೂ ಉತ್ತರ ಕೊಡದಿದ್ದರೂ ಇದಕ್ಕೆ ಒಂದು ಸಾಲು ಬರೆ.

ಇಲ್ಲಿ ಮಳೆ ಇನ್ನೂ ಬಿಟ್ಟಿಲ್ಲ.

ನಿನ್ನ
ಅಮ್ಮ