ಗೆಳೆಯನಿಗೊಂದು ಪತ್ರ: ಕೆಮ್ಮಣ್ಣು ಹಚ್ಚಿದ ಹಲಸಿನ ಬೇಳೆ

ಪ್ರಿಯ ಗೆಳೆಯ,

ನಿನ್ನ ಕಾಗದ ತಲುಪಿತು. ಬಾಲ್ಯದ ಹಣ್ಣುಗಳನ್ನು ನೆನೆದು ಕಥೆ ಬರೆಯಲು ಕುಳಿತರೆ ಅದು ಸವಿನೆನಪಿನ ಪ್ರಬಂಧವಾಗಿಬಿಡುತ್ತದೆ ಎಂದು ಬೇಸರಪಟ್ಟಿದ್ದೀಯ. ನನಗೂ ಬಹಳ ವರ್ಷ ಹಾಗೆಯೇ ಆಗುತ್ತಿತ್ತು. ಸಾಗರದ ಕಡೆಯ ನಮ್ಮ ಹಳ್ಳಿಯ ನೇರಳೆ, ಕವಳಿ, ಮುರುಗಲು, ಹೆಬ್ಬಲಸುಗಳನ್ನು ಪುಟಗಟ್ಟಲೆ ವರ್ಣಿಸಿದ್ದೆ. ಆ ಪುಟಗಳಲ್ಲಿ ಮನುಷ್ಯರೇ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ಗಾಂಧಿಬಜಾರಿನ ತಳ್ಳುಗಾಡಿಯೊಂದರಿಂದ ಹಲಸಿನ ವಾಸನೆ ಬಂದಾಗ ನಾನು ನಿಂತಲ್ಲೇ ನಿಂತುಬಿಟ್ಟೆ. ವಾಸನೆಯು ಮಿದುಳಿನಲ್ಲಿ ನೆನಪು ಮತ್ತು ಭಾವನೆಗಳ ಭಾಗವನ್ನು ಉಳಿದ ಇಂದ್ರಿಯಗಳ ಅನುಭವಕ್ಕಿಂತ ನೇರವಾಗಿ ತಲುಪುತ್ತದೆಯಂತೆ. ಅಂದು ನನಗೆ ಮೊದಲು ನೆನಪಾದದ್ದು ಒಬ್ಬ ಹುಡುಗನ ಕೈ.

ರೋಹಿಣಿ ಮಳೆಗೆ ಮುಂಚಿನ ಮಧ್ಯಾಹ್ನಗಳಲ್ಲಿ ಅಜ್ಜಿ ಜಗಲಿಯಲ್ಲಿ ಗೋಣಿತಾಟು ಹಾಸಿ, ಅಂಗೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕುಳಿತುಕೊಳ್ಳುತ್ತಿದ್ದರು. ಹಣ್ಣನ್ನು ಬೆರಳಗೆಣ್ಣಿನಿಂದ ತಟ್ಟಿ, ಒಳಗಿನಿಂದ ಡಬಡಬ ಸದ್ದು ಬಂದರೆ ಮಾತ್ರ ಕತ್ತಿ ಇಡುತ್ತಿದ್ದರು. ಹಣ್ಣು ಬಿರಿದೊಡನೆ ನಡುವಿನ ದಿಂಡಾದ ಗೂಂಜಿನಿಂದ ಒಸರುವ ಬಿಳಿಯ ಮೇಣವನ್ನು ಕಡ್ಡಿಗೆ ಸುತ್ತಿ ತೆಗೆಯುವುದು ನನ್ನ ಕೆಲಸ. ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳು ತನ್ನ ಮಗನೊಡನೆ ಅಂಗಳದ ಅಂಚಿನಲ್ಲಿ ಕುಳಿತು, ನಾವು ತೊಳೆ ಬಿಡಿಸಿ ಎಸೆದ ಬೇಳೆಗಳನ್ನು ಬುಟ್ಟಿಗೆ ಆಯ್ದುಕೊಳ್ಳುತ್ತಿದ್ದಳು. ಅವನು ನನ್ನದೇ ವಯಸ್ಸಿನವನು. ಒಮ್ಮೆ ನಾನು ಒಂದು ತೊಳೆಯನ್ನು ಅವನತ್ತ ಚಾಚಿದಾಗ, ಅರ್ಧ ಮುಂದೆ ಬಂದ ಕೈಯನ್ನು ಅವನು ಅಲ್ಲೇ ನಿಲ್ಲಿಸಿ ತಾಯಿಯ ಮುಖ ನೋಡಿದ. ಅವಳು ತಲೆಯೆತ್ತದೆ ಬೇಳೆ ಆಯುತ್ತಲೇ ಇದ್ದಳು. ಅಜ್ಜಿಯೂ ಮಾತಾಡಲಿಲ್ಲ. ತೊಳೆ ನನ್ನ ಕೈಯಲ್ಲೇ ಉಳಿಯಿತು.

ಹಲಸು ಕೊಡುವಾಗೆಲ್ಲ ಅಜ್ಜಿ 'ಹಸಿದು ಹಲಸು, ಉಂಡು ಮಾವು' ಎನ್ನುತ್ತಿದ್ದರು. ಆ ಗಾದೆಯ ಹಸಿವು ನನಗೆ ಊಟದ ಹೊತ್ತಿನವರೆಗಿನದು. ಆ ಹುಡುಗನ ಮನೆಯಲ್ಲಿ ಆಯ್ದ ಬೇಳೆಗಳಿಗೆ ಕೆಮ್ಮಣ್ಣು ಹಚ್ಚಿ, ಒಣಗಿಸಿ, ಆರಿದ್ರಾ ಮಳೆ ಹಿಡಿದು ಕೂಲಿ ನಿಂತ ದಿನಗಳಿಗೆಂದು ತೆಗೆದಿಡುತ್ತಿದ್ದರು ಎಂಬುದನ್ನು ಎಷ್ಟೋ ವರ್ಷಗಳ ಮೇಲೆ ಅಮ್ಮನಿಂದ ಕೇಳಿ ತಿಳಿದೆ. ಅಂದೇ ಕಥೆಯ ಮೊದಲ ಸಾಲು ಬರೆದೆ. ಹುಡುಗ ಮಳೆಯ ರಾತ್ರಿ ಮಡಕೆಯಿಂದ ಒಂದೊಂದೇ ಬೇಳೆ ತೆಗೆದು, ಮಣ್ಣು ಉದುರದಂತೆ ಎಣಿಸಿ ಮತ್ತೆ ಒಳಗಿಡುತ್ತಾನೆ. ಇದನ್ನು ನಾನು ಕಂಡಿಲ್ಲ. ಕಂಡದ್ದೆಲ್ಲ ಅಂಗಳದಲ್ಲೇ ಮುಗಿದಿತ್ತು. ಆದ್ದರಿಂದಲೇ ಅವನ ಮನೆಯೊಳಗಿನದನ್ನು ಕಲ್ಪಿಸಬೇಕಾಯಿತು. ಆದರೆ ಮಣ್ಣು ಯಾವುದು, ಎಷ್ಟು ಬಿಸಿಲು ಬೇಕು, ಬೇಳೆ ಎಲ್ಲಿಯವರೆಗೆ ಕೆಡದೆ ಉಳಿಯುತ್ತದೆ ಎಂಬುದನ್ನು ಊರಿನ ಹಿರಿಯರಲ್ಲಿ ಕೇಳದೆ ಬರೆಯುವ ಧೈರ್ಯ ನನಗೆ ಬರಲಿಲ್ಲ. ಅಂಥ ವಿವರ ತಪ್ಪಿದರೆ ಆ ಹುಡುಗನಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ ಎಂದು ನನಗೆ ಅನ್ನಿಸುತ್ತದೆ.

ನಿನ್ನ ಕಾಗದದಲ್ಲಿ ಸೀಬೆಹಣ್ಣಿನ ರುಚಿಗೆ ಒಂದಿಡೀ ಪುಟವಿದೆ. ತೋಟವನ್ನು ಗುತ್ತಿಗೆಗೆ ಹಿಡಿದಿದ್ದ ಮುದುಕ ಮಾತ್ರ ಒಂದೇ ಸಾಲಿನಲ್ಲಿ ಬಂದುಹೋಗುತ್ತಾನೆ. ನೀವು ಮಕ್ಕಳು ದಿನವೂ ಕದಿಯುತ್ತಿದ್ದುದು ಗೊತ್ತಿದ್ದೂ ಅವನು ಬೇಲಿಯ ಆ ಕಿಂಡಿಯನ್ನು ಏಕೆ ಮುಚ್ಚಿಸಲಿಲ್ಲ? ಮುಂದಿನ ಕಾಗದದಲ್ಲಿ ಅವನ ವಿಚಾರ ಬರೆ.

ನಿನ್ನ ಗೆಳೆಯ