ಗಾಯದ ವಿನಾಯಿತಿಯಲ್ಲಿ ದುಡ್ಡೆಲ್ಲಿದೆ ಸ್ವಾಮಿ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾ ಪುಟದ ಕೆಳಗಡೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಆಟಗಾರನೊಬ್ಬ ಗಾಯಗೊಂಡಿದ್ದಕ್ಕೆ ಲೀಗ್ ಅವನ ತಂಡಕ್ಕೆ ಲಕ್ಷಾಂತರ ಡಾಲರ್ 'ಪರಿಹಾರ' ಕೊಟ್ಟಿದೆ ಅಂತ. ಬಾಸ್ಕೆಟ್‌ಬಾಲ್ ಸುದ್ದಿ ನಮ್ಮ ಪೇಪರ್‌ಗಳಲ್ಲಿ ಬರುವುದೇ ಅಪರೂಪ, ಬಂದಿದ್ದಕ್ಕೆ ಖುಷಿಯೇ. ಆದರೆ ಲೀಗ್ ಯಾರಿಗೂ ಒಂದು ಪೈಸೆ ಕೊಡುವುದಿಲ್ಲ. ಇಷ್ಟು ಖರ್ಚು ಮಾಡ್ಕೊಳ್ಳಿ ಅಂತ ಅನುಮತಿ ಕೊಡುತ್ತೆ, ಅಷ್ಟೇ. ದುಡ್ಡು ತಂಡದ ಜೇಬಿನಿಂದಲೇ ಹೋಗಬೇಕು.

ನನಗೂ ಇದು ತಲೆಗೆ ಹತ್ತಿದ್ದು 2017ರಲ್ಲಿ. ಆ ವರ್ಷದ ನರಕ ಚತುರ್ದಶಿ ದಿನ, ನಮ್ಮ ಬೆಳಗಿನ ಐದೂವರೆಗೆ, ಸೀಸನ್‌ನ ಮೊದಲ ಪಂದ್ಯ: ಕ್ಲೀವ್‌ಲ್ಯಾಂಡ್‌ನಲ್ಲಿ ಕ್ಯಾವಲಿಯರ್ಸ್ ವಿರುದ್ಧ ಬಾಸ್ಟನ್ ಸೆಲ್ಟಿಕ್ಸ್. ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹಂಡೆ ನೀರು ಕಾಯುವ ತನಕ ನೋಡೋಣ ಅಂತ ಕೂತಿದ್ದೆ. ಆಟ ಶುರುವಾಗಿ ಆರು ನಿಮಿಷವೂ ಆಗಿರಲಿಲ್ಲ, ಬಾಸ್ಟನ್ ನಾಲ್ಕು ವರ್ಷಕ್ಕೆ 12.8 ಕೋಟಿ ಡಾಲರ್ ಕೊಟ್ಟು ತಂದಿದ್ದ ಗಾರ್ಡನ್ ಹೇವರ್ಡ್ ಚೆಂಡಿಗಾಗಿ ಹಾರಿ, ಕೆಳಗೆ ಬಿದ್ದ. ಎಡಗಾಲಿನ ಪಾದ ಸೊಟ್ಟಗೆ ತಿರುಗಿತ್ತು. ಎದುರಾಳಿ ತಂಡದವರೇ ಮುಖ ತಿರುಗಿಸಿಕೊಂಡರು. ಅಮ್ಮ "ನೀರು ಆರ್ತಿದೆ ಬಾರೋ" ಅಂತ ಕೂಗ್ತಾನೇ ಇದ್ದರು, ಎಣ್ಣೆ ಕಿವಿವರೆಗೆ ಇಳಿದಿದ್ದರೂ ನನಗೆ ಏಳೋಕೆ ಆಗಲಿಲ್ಲ.

ಹೇವರ್ಡ್ ಆ ಸೀಸನ್‌ನಲ್ಲಿ ಮತ್ತೆ ಆಡಲಿಲ್ಲ. ಈಗ ಬಾಸ್ಟನ್ ಪರಿಸ್ಥಿತಿ ನೋಡಿ. ಆ ವರ್ಷ ಒಂದು ತಂಡದ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ, ಸುಮಾರು 9.9 ಕೋಟಿ ಡಾಲರ್, ಅದರಲ್ಲಿ ಹೇವರ್ಡ್ ಒಬ್ಬನದೇ 2.97 ಕೋಟಿ. ಅವನು ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದರೂ ಆ ಸಂಬಳ ಕ್ಯಾಪ್ ಲೆಕ್ಕದಿಂದ ಕಳೆಯುವುದಿಲ್ಲ. ಕ್ಯಾಪ್ ದಾಟಿದ ತಂಡ ಹೊರಗಿನವರನ್ನು ಸೇರಿಸಿಕೊಳ್ಳಬೇಕಾದರೆ ಕನಿಷ್ಠ ಸಂಬಳಕ್ಕೆ ಒಪ್ಪುವವರನ್ನು ಹುಡುಕಬೇಕು, ಇಲ್ಲ ನಿಯಮದಲ್ಲಿರುವ ಯಾವುದಾದರೂ ಕಿಂಡಿಯಲ್ಲಿ ತೂರಬೇಕು. ಅಂಥ ಒಂದು ಕಿಂಡಿ ಈ ಡಿಸೇಬಲ್ಡ್ ಪ್ಲೇಯರ್ ಎಕ್ಸೆಪ್ಷನ್, ಅಂದರೆ ಗಾಯದ ವಿನಾಯಿತಿ.

ಸುಮ್ನೆ ಕೇಳಿದರೆ ಸಿಗಲ್ಲ. ಜನವರಿ 15ರೊಳಗೆ ಅರ್ಜಿ ಹಾಕಬೇಕು. ಜೂನ್ 15ರವರೆಗೆ ಈತ ಆಡುವುದು ಬಹುತೇಕ ಆಗದ ಮಾತು ಅಂತ ಲೀಗ್ ನೇಮಿಸಿದ ವೈದ್ಯರು ಹೇಳಬೇಕು. ನಾವು ರಜೆಗೆ ಗೊತ್ತಿರುವ ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಂಡು ಬರುತ್ತೇವಲ್ಲ, ಆ ಆಟ ಇಲ್ಲಿ ನಡೆಯಲ್ಲ.

ಮೊತ್ತದ ಲೆಕ್ಕ ಇನ್ನೂ ಮಜವಾಗಿದೆ. ಗಾಯಾಳುವಿನ ಸಂಬಳದ ಅರ್ಧ ಒಂದು ಕಡೆ, ಆ ವರ್ಷದ ಮಿಡ್ ಲೆವೆಲ್ ಎಕ್ಸೆಪ್ಷನ್ (ಕ್ಯಾಪ್ ದಾಟಿದ ತಂಡಕ್ಕಿರುವ ಇನ್ನೊಂದು ಕಿಂಡಿ) ಮೊತ್ತ ಇನ್ನೊಂದು ಕಡೆ, ಯಾವುದು ಕಡಿಮೆಯೋ ಅದು. ಹೇವರ್ಡ್ ಸಂಬಳದ ಅರ್ಧ ಅಂದರೆ ಸುಮಾರು 1.49 ಕೋಟಿ, ಮಿಡ್ ಲೆವೆಲ್ 84 ಲಕ್ಷ, ಹಾಗಾಗಿ ಸಿಕ್ಕಿದ್ದು 84 ಲಕ್ಷ. ಅದನ್ನೂ ಒಬ್ಬನ ಮೇಲೆ ಮಾತ್ರ ಹಾಕಬಹುದು, ಆ ಸೀಸನ್ ಮಟ್ಟಿಗೆ ಮಾತ್ರ. ಬೇರೆ ತಂಡದಿಂದ ಟ್ರೇಡ್ ಮಾಡಿ ತಂದರೂ ಅವನ ಒಪ್ಪಂದ ಅದೇ ಸೀಸನ್‌ಗೆ ಮುಗಿಯುವಂಥದ್ದಾಗಿರಬೇಕು. ಬಾಸ್ಟನ್ 2018ರ ಫೆಬ್ರವರಿಯಲ್ಲಿ, ಫೀನಿಕ್ಸ್ ತಂಡ ಬಿಟ್ಟು ಬಂದಿದ್ದ ಗ್ರೆಗ್ ಮನ್ರೋನನ್ನು 50 ಲಕ್ಷಕ್ಕೆ ತೆಗೆದುಕೊಂಡಿತು. ಉಳಿದ 34 ಲಕ್ಷಕ್ಕೆ ಇನ್ನೊಬ್ಬನನ್ನು ತರೋಣ ಅಂದರೆ ಆಗಲ್ಲ, ಅದು ಹೋಯ್ತು.

ಅರ್ಧ ಯಾಕೆ, ಪೂರ್ತಿ ಕೊಡಬಾರದಾ ಅಂತ ನನ್ನ ಗೆಳೆಯ ಪ್ರತಿ ವರ್ಷ ಜಗಳಕ್ಕೆ ಬರ್ತಾನೆ. ಪೂರ್ತಿ ಕೊಟ್ಟರೆ ದುಬಾರಿ ಆಟಗಾರನಿಗೆ ಮಂಡಿ ನೋವು ಬಂದ ಕೂಡಲೇ ಎಷ್ಟು ಮಾಲೀಕರು ಒಳಗೊಳಗೇ ಖುಷಿಪಡುತ್ತಾರೆ ಅಂತ ಯೋಚನೆ ಮಾಡಿ! ಅರ್ಧವೇ ಸರಿ.

ನನ್ನ ತಕರಾರು ಬೇರೆ. ಹೀಗೆ ತಂದವನ ಸಂಬಳವೂ ಲಕ್ಸುರಿ ಟ್ಯಾಕ್ಸ್ ಲೆಕ್ಕಕ್ಕೆ ಸೇರುತ್ತೆ, ಅಂದರೆ ಗಾಯಾಳುವಿಗೂ ಕೊಡಬೇಕು, ಬದಲಿಗೂ ಕೊಡಬೇಕು, ಟ್ಯಾಕ್ಸ್ ಗೆರೆ ದಾಟಿದರೆ ಅದರ ಮೇಲೆ ದಂಡವನ್ನೂ ಕಟ್ಟಬೇಕು. ಷಿಕಾಗೋ ಬುಲ್ಸ್‌ಗೆ 2023–24ರಲ್ಲಿ ತನ್ನ ಆಟಗಾರ ಲೋಂಜೊ ಬಾಲ್‌ನ ಮಂಡಿ ಗಾಯದ ಹೆಸರಲ್ಲಿ 1.02 ಕೋಟಿ ಡಾಲರ್ ವಿನಾಯಿತಿ ಸಿಕ್ಕಿತ್ತು. ಬಳಸಲೇ ಇಲ್ಲ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೂ 'ಪರಿಹಾರ'ವೇ, ಅಲ್ವಾ?

ನಮ್ಮ ಐಪಿಎಲ್ ನಿಯಮ ಇಷ್ಟು ಸುತ್ತು ಬಳಸುವುದಿಲ್ಲ. ಗಾಯಾಳುವಿನ ಸಂಭಾವನೆಗಿಂತ ಜಾಸ್ತಿ ಬದಲಿ ಆಟಗಾರನಿಗೆ ಕೊಡುವಂತಿಲ್ಲ, ಮುಗೀತು. 2025ರಲ್ಲಿ ಆರ್‌ಸಿಬಿಗೆ 2 ಕೋಟಿ ರೂಪಾಯಿಯ ದೇವದತ್ತ ಪಡಿಕ್ಕಲ್ ಜಾಗಕ್ಕೆ 1 ಕೋಟಿಗೆ ಮಯಾಂಕ್ ಅಗರ್ವಾಲ್ ಬಂದಿದ್ದು ಹೀಗೆ. 2022ರಲ್ಲಿ ಹರಾಜಿನಲ್ಲಿ ಯಾರೂ ಕೊಳ್ಳದ ರಜತ್ ಪಾಟೀದಾರ್ ಬಂದಿದ್ದೂ ನಮ್ಮ ಹುಡುಗ ಲವ್ನಿತ್ ಸಿಸೋಡಿಯಾ ಗಾಯಗೊಂಡಿದ್ದಕ್ಕೆ. ಎಲಿಮಿನೇಟರ್‌ನಲ್ಲಿ ಪಾಟೀದಾರ್ ಹೊಡೆದ ಔಟಾಗದ 112 ಎಲ್ಲರಿಗೂ ನೆನಪಿದೆ. ಸಿಸೋಡಿಯಾ ಯಾರಿಗೂ ನೆನಪಿಲ್ಲ. ಐಪಿಎಲ್‌ನಲ್ಲಿ ಒಮ್ಮೆ ಬದಲಿ ಬಂದರೆ ಗಾಯಾಳು ಆ ಸೀಸನ್‌ಗೆ ವಾಪಸ್ ಬರುವ ಹಾಗಿಲ್ಲ, ನಾಳೆಯೇ ಗುಣವಾದರೂ.

ಎನ್‌ಬಿಎನಲ್ಲಿ ಬರಬಹುದು. ವಿನಾಯಿತಿಯಲ್ಲಿ ಇನ್ನೊಬ್ಬನನ್ನು ತಂದಾದ ಮೇಲೆ ವೈದ್ಯರ ಅಂದಾಜು ತಪ್ಪಿ ಗಾಯಾಳು ಬೇಗ ಹುಷಾರಾದರೆ ಇಬ್ಬರೂ ಆಡಬಹುದು. ತರುವ ಮೊದಲೇ ಅವನು ಅಂಗಳಕ್ಕೆ ಇಳಿದರೆ ಮಾತ್ರ ವಿನಾಯಿತಿ ರದ್ದು. ಇದೊಂದು ವಿಷಯದಲ್ಲಿ ನನಗೆ ಅಮೆರಿಕದವರ ನಿಯಮವೇ ಇಷ್ಟ. ಕಾಲು ಮುರಿದುಕೊಂಡವನಿಗೆ ಬಾಗಿಲು ಹಾಕಿ ಚಿಲಕ ಜಡಿಯುವುದಿಲ್ಲ.

ಮುಂದಿನ ಸಲ ದಯವಿಟ್ಟು 'ಪರಿಹಾರ' ಬದಲು 'ವಿನಾಯಿತಿ' ಅಂತ ಹಾಕಿ. ಜಾಗ ಉಳಿದರೆ ಅದರ ಕೊನೆ ದಿನ ಮಾರ್ಚ್ 10 ಅಂತಲೂ ಸೇರಿಸಿ. ಆಮೇಲೆ ಅದು ನಿನ್ನೆಯ ಬಸ್ ಟಿಕೆಟ್.

ಇಂತಿ,
ಬೆಳಗಿನ ಕಾಫಿ ಜೊತೆ ಎನ್‌ಬಿಎ ನೋಡುವ ನಿಮ್ಮ ಓದುಗ,
ಮೈಸೂರು